ವಾಸ ಇರುವ ದೇಶ

ಕನ್ನಡಕದ ಅಂಗಡಿ
ಜನವರಿ 11

ಬೀಗಿತ್ತಿಯವರಿಗೆ ನಮಸ್ಕಾರ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡಿ, ಒಟ್ಟಿಗೇ ಸುಮ್ಮನಾಗಿ, ಕೊನೆಗೆ "ಮತ್ತೇನು ಸಮಾಚಾರ" ಎಂದು ಮುಗಿಸುತ್ತೇವೆ. ಇದು ಸಮಾಧಾನವಾಗಿ ಕೂತು ಓದಬೇಕಾದ ವಿಷಯ. ಅದಕ್ಕೇ ಇ-ಮೇಲ್.

ಬರುವ ಅಕ್ಟೋಬರಿಗೆ ನನ್ನ ಮಗನಿಗೂ ನಿಮ್ಮ ಮಗಳಿಗೂ ಮದುವೆಯಾಗಿ ಹತ್ತು ವರ್ಷ. ನೀವೊಂದು ದೇಶ, ನಾನೊಂದು ದೇಶ, ಅವರು ಮೂರನೆಯದು. ಹತ್ತು ವರ್ಷದಲ್ಲಿ ನಾವೆಲ್ಲ ಒಟ್ಟಿಗೆ ಕೂತು ಊಟ ಮಾಡಿದ್ದು ಎಷ್ಟು ಸಲ ಎಂದು ನೆನೆಸಿಕೊಂಡರೆ ನಗು ಬರುತ್ತದೆ. ಅದಕ್ಕೊಂದು ಉಪಾಯ ಹೂಡಿದ್ದೇನೆ. ಹಡಗಿನ ಪ್ರವಾಸ, ಒಂದು ವಾರ. ಎರಡು ಕ್ಯಾಬಿನ್ ತೆಗೆದುಕೊಳ್ಳೋಣ. ಒಂದರಲ್ಲಿ ಮಗ, ಸೊಸೆ, ನಮ್ಮ ಮುದ್ದು ಮೊಮ್ಮಗಳು ಪಿಟೀಲು. ಇನ್ನೊಂದರಲ್ಲಿ ಅಜ್ಜಿಯರಿಬ್ಬರು. ನಮ್ಮ ಯಜಮಾನರು ಬರುವುದಿಲ್ಲ. ಬಸ್ಸಿನ ಹಿಂದಿನ ಸೀಟಿನಲ್ಲೇ ತಲೆ ಸುತ್ತುವ ಮನುಷ್ಯ, ಹಡಗು ಹತ್ತಿಸಿ ನಾನು ಪಾಪ ಕಟ್ಟಿಕೊಳ್ಳಲಾರೆ.

ನಮ್ಮ ಕಡೆ ದರ ಕೈಗೆಟುಕುವಂತಿದೆ. ಅದೇ ಕಂಪನಿಯ ವೆಬ್‌ಸೈಟ್ ನಿಮ್ಮ ದೇಶದಲ್ಲಿ ಏನು ಹೇಳುತ್ತದೆ, ಸ್ವಲ್ಪ ನೋಡಿ ಹೇಳಿ. ಮಗನಿಗೆ ಹೇಳಿದರೆ "ನೋಡೋಣಮ್ಮ" ಎಂದ. ಅವನ "ನೋಡೋಣ"ಕ್ಕೆ ಕಾದರೆ ಹಡಗು ಹೋಗಿ ತಿರುಗಿ ಬಂದಿರುತ್ತದೆ.

ನಿಮ್ಮ ಬೀಗಿತ್ತಿ


ಈಜುಕೊಳ
ಜನವರಿ 19

ಬೀಗಿತ್ತಿಯವರಿಗೆ ನಮಸ್ಕಾರ.

ನೀವು ಹೇಳಿದಂತೆ ನೋಡಿದೆ. ಅದೇ ಹಡಗು, ಅದೇ ದಿನ, ಅದೇ ಕಿಟಕಿಯ ಕ್ಯಾಬಿನ್. ನಿಮ್ಮ ಹಣಕ್ಕೆ ತಿರುಗಿಸಿದರೆ ನಮ್ಮ ಕಡೆ ಕಾಲುಭಾಗ ಹೆಚ್ಚು.

ಆದರೆ ಎರಡೂ ಕಡೆಯ ಷರತ್ತುಗಳನ್ನು ಓದಿದೆ. ನಿಮ್ಮಲ್ಲಿ ಮುಂಗಡ ಕಟ್ಟಿದರೆ ಯಾವ ಕಾರಣಕ್ಕೂ ವಾಪಸು ಕೊಡುವುದಿಲ್ಲ. ನಮ್ಮಲ್ಲಿ ಹೊರಡುವುದಕ್ಕೆ ಮೂರು ತಿಂಗಳು ಮುಂಚಿನವರೆಗೆ ಪೂರ್ತಿ ವಾಪಸು. ನಿಮ್ಮ ದರಕ್ಕೆ ಹಡಗಿನ ಕೆಲಸಗಾರರ ಸೇವಾ ಶುಲ್ಕ ಸೇರಿಲ್ಲ, ಹತ್ತಿದ ಮೇಲೆ ದಿನದಿನವೂ ವಸೂಲು ಮಾಡುತ್ತಾರೆ. ನಮ್ಮದರಲ್ಲಿ ಅದು ಸೇರಿದೆ. ಎಲ್ಲ ಕೂಡಿಸಿ ನೋಡಿದರೆ ನಿಮ್ಮ ಕಡೆಯ ಅಗ್ಗ ಅಂಥ ಅಗ್ಗವೇನಲ್ಲ.

ಮಾಡಲೇಬೇಕೆಂದಿದ್ದರೆ ನಮ್ಮ ಕಡೆಯಿಂದ ಮಾಡೋಣ. ಬೇಡವೆನಿಸಿದಾಗ ಬಿಡಬಹುದು. ಅಕ್ಟೋಬರ್ ಇನ್ನೂ ದೂರ ಇದೆ. ಅಷ್ಟರಲ್ಲಿ ಯಾರಿಗೆ ಏನು ಅಡಚಣೆ ಬರುತ್ತದೋ ಹೇಳಲು ಬರುವುದಿಲ್ಲ.

ಇಲ್ಲಿ ಕೊಳದ ನೀರು ಬಿಸಿ ಮಾಡುವ ಯಂತ್ರ ಕೆಟ್ಟಿದೆ. ನನ್ನ ವಿದ್ಯಾರ್ಥಿಗಳು ದಂಡೆಯ ಮೇಲೆ ಕೂತು ಗಾಳಿಯಲ್ಲಿ ಕಾಲು ಬಡಿಯುತ್ತಿದ್ದಾರೆ. ಈಜು ಕಲಿತೆವು ಎಂದು ಮನೆಯಲ್ಲಿ ಹೇಳಿಕೊಳ್ಳುತ್ತಾರಂತೆ.

ನಿಮ್ಮ ಬೀಗಿತ್ತಿ


ಕನ್ನಡಕದ ಅಂಗಡಿ
ಜನವರಿ 30

ಬೀಗಿತ್ತಿಯವರಿಗೆ,

ನಿಮ್ಮ ಪತ್ರ ಓದಿ ನಾನೇ ಖುದ್ದು ಬುಕಿಂಗ್ ಆಫೀಸಿಗೆ ಹೋದೆ. ಗಾಜಿನ ಆಚೆ ಒಬ್ಬ ಹೆಂಗಸು, ಕಿವಿಯ ಹಿಂದೆ ಕನ್ನಡಕದ ಕಡ್ಡಿ ಸರಿಯಾಗಿ ಕೂತಿರಲಿಲ್ಲ. ಮೊದಲು ಅದನ್ನು ಸರಿಮಾಡಿ ಕೊಟ್ಟೆ, ಆಮೇಲೆ ಮಾತು ಸಲೀಸಾಯಿತು.

"ಒಂದೇ ಹಡಗು, ಒಂದೇ ಸಮುದ್ರ. ದರ ಯಾಕೆ ಬೇರೆ?" ಎಂದೆ.

"ಹಡಗು ನೋಡಿ ದರ ಹಾಕಲ್ಲ ಮೇಡಂ. ನೀವು ಎಲ್ಲಿ ವಾಸ ಇದೀರಿ ಅಂತ ನೋಡಿ ಹಾಕ್ತಾರೆ."

"ದುಡ್ಡು ನಾನೇ ಕಟ್ತೀನಲ್ಲ?"

"ಯಾರು ಕಟ್ತಾರೆ ಅನ್ನೋದು ಲೆಕ್ಕಕ್ಕಿಲ್ಲ. ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನೋದೂ ಇಲ್ಲ. ಪ್ರತಿಯೊಬ್ಬರದೂ ವಾಸ ಎಲ್ಲಿ, ಅದೊಂದೇ. ನಿಮ್ಮ ಮಗ ಸೊಸೆಗೆ ಅವರ ದೇಶದ ದರ. ಅಲ್ಲಿ ಇನ್ಶೂರೆನ್ಸ್ ಬೇರೆ ಕಡ್ಡಾಯ."

ಮಕ್ಕಳ ದೇಶದ ದರವನ್ನು ಎರಡೆರಡು ಸಲ ಕೇಳಿ ಖಚಿತ ಮಾಡಿಕೊಂಡೆ. ನಿಮ್ಮದಕ್ಕಿಂತ ಹೆಚ್ಚು. ಆದ್ದರಿಂದ ಒಂದು ಜಾಣತನ ಮಾಡಿದ್ದೇನೆ, ಬೈಯಬೇಡಿ. ಮಗ, ಸೊಸೆ, ಪಿಟೀಲು ಮೂವರ ವಾಸವೂ ನನ್ನ ಮನೆ ಎಂದು ಬರೆಸಿ ಎರಡೂ ಕ್ಯಾಬಿನ್ನಿಗೆ ಮುಂಗಡ ಕಟ್ಟಿಬಿಟ್ಟೆ. ತಿಂಗಳ ಕೊನೆಗೆ ರಿಯಾಯಿತಿ ಮುಗಿಯುತ್ತಿತ್ತು. ನಿಮ್ಮ ವಿಳಾಸವನ್ನು ಮಾತ್ರ ಮುಟ್ಟಿಲ್ಲ; ನೀವು ನಿಯಮದ ಮನುಷ್ಯರು. ನೀವು ನಿಮ್ಮ ಕಡೆಯಿಂದ ನಿಮ್ಮ ಪಾಲು ಬುಕ್ ಮಾಡಿದರೆ ನನ್ನ ಕ್ಯಾಬಿನ್ನಿಗೇ ಸೇರಿಸುತ್ತಾರಂತೆ.

ಕೆಳಗಿನ ಹಾಸಿಗೆ ನಿಮಗೋ ನನಗೋ, ಈಗಲೇ ತೀರ್ಮಾನ ಆಗಲಿ.

ನಿಮ್ಮ ಬೀಗಿತ್ತಿ


ಈಜುಕೊಳ
ಫೆಬ್ರವರಿ 4

ಬೀಗಿತ್ತಿಯವರಿಗೆ,

ಅವಸರ ಮಾಡಿದಿರಿ. ಮಕ್ಕಳ ಕ್ಯಾಬಿನ್ ರದ್ದು ಮಾಡಿಸಿ. ಮುಂಗಡ ವಾಪಸು ಬರದಿದ್ದರೂ ಪರವಾಗಿಲ್ಲ, ಅದನ್ನು ನಾನು ಕಳಿಸುತ್ತೇನೆ. ನಮ್ಮಿಬ್ಬರದು ಏನು ಮಾಡಬೇಕೆಂದು ಆಮೇಲೆ ನೋಡೋಣ. ಕಾರಣ ಕೇಳಬೇಡಿ. ಒಮ್ಮೆ ಮಗನ ಹತ್ತಿರ ಸಮಾಧಾನವಾಗಿ ಮಾತಾಡಿ.

ನಿಮ್ಮ ಬೀಗಿತ್ತಿ


ಕನ್ನಡಕದ ಅಂಗಡಿ
ಫೆಬ್ರವರಿ 10

ಬೀಗಿತ್ತಿಯವರಿಗೆ,

ಮಗನ ಹತ್ತಿರ ಮಾತಾಡಿದೆ. "ಕೆಲಸ ಜಾಸ್ತಿ ಇದೆಯಮ್ಮ, ರಜೆ ಸಿಗುತ್ತೋ ಇಲ್ವೋ" ಎಂದ. ಅಷ್ಟೇ. ರಜೆಯ ವಿಷಯಕ್ಕೆ ನೀವು ಇಷ್ಟು ಬಿಗಿಯಾಗಿ ಬರೆಯಬೇಕಾಗಿರಲಿಲ್ಲ.

ಮುಂಗಡ ನೀವು ಕಳಿಸುತ್ತೇನೆ ಎಂದದ್ದು ನನಗೆ ಚುಚ್ಚಿತು. ಮದುವೆಯ ಖರ್ಚಿನಲ್ಲೂ ಹೀಗೇ ಮಾಡಿದಿರಿ. ಗಂಡನಿಲ್ಲದೆ ಮಗಳನ್ನು ಸಾಕಿದ ನಿಮಗೆ ಹೊರೆಯಾಗಬಾರದೆಂದು ಮಂಟಪದವರಿಗೆ ನಾನು ಕೊಟ್ಟ ಹಣವನ್ನು, ನಿಮ್ಮ ಪಾಲು ಎಂದು ಲಕೋಟೆಯಲ್ಲಿಟ್ಟು ಎಲ್ಲರ ಮುಂದೆ ಕೈಗಿತ್ತಿರಿ. ಅವತ್ತು ನುಂಗಿಕೊಂಡೆ.

ನನ್ನ ಜೊತೆ ಒಂದು ಕ್ಯಾಬಿನ್ನಿನಲ್ಲಿ ಇರಲು ಮನಸ್ಸಿಲ್ಲ ಎಂದರೆ ನೇರವಾಗಿ ಹೇಳಬಹುದು. ನಾನು ಮಾತು ಜಾಸ್ತಿ, ಗೊರಕೆಯೂ ಇದೆ, ಒಪ್ಪುತ್ತೇನೆ. ಅದಕ್ಕೆ ಷರತ್ತು, ಕಾನೂನು ಎಂದೆಲ್ಲ ಸುತ್ತುಬಳಸುವುದು ಬೇಡ. ಕ್ಯಾಬಿನ್ ರದ್ದು ಮಾಡುವುದಿಲ್ಲ.


ಕನ್ನಡಕದ ಅಂಗಡಿ
ಮಾರ್ಚ್ 28

ಬೀಗಿತ್ತಿಯವರಿಗೆ,

ಮೊನ್ನೆ ಮಧ್ಯಾಹ್ನ ಅಂಗಡಿಯಲ್ಲಿ ಒಬ್ಬರಿಗೆ ಫ್ರೇಮು ತೋರಿಸುತ್ತಿದ್ದೆ. ಬಾಗಿಲಲ್ಲಿ ನನ್ನ ಮಗ ನಿಂತಿದ್ದ, ಎರಡು ಸೂಟ್‌ಕೇಸ್ ಹಿಡಿದುಕೊಂಡು. ಬರುತ್ತೇನೆಂದು ಹೇಳಿರಲಿಲ್ಲ. ಗಿರಾಕಿ ಹೋಗುವವರೆಗೆ ಕನ್ನಡಿಯ ಮುಂದಿನ ಸ್ಟೂಲಿನ ಮೇಲೆ ಕೂತಿದ್ದ.

"ಪಿಟೀಲು ಎಲ್ಲೋ?" ಎಂದೆ.

"ಅವಳ ಅಮ್ಮನ ಜೊತೆ ಇದಾಳೆ. ನಾನೊಬ್ಬನೇ ಬಂದಿದೀನಿ. ಇಲ್ಲೇ ಇರ್ತೀನಿ ಅಮ್ಮ, ಸ್ವಲ್ಪ ದಿನ."

"ಎಷ್ಟು ದಿನ?"

"ಗೊತ್ತಿಲ್ಲ. ನಾವು ಬೇರೆ ಆಗ್ತಿದೀವಿ."

ಕೈಯಲ್ಲಿದ್ದ ಫ್ರೇಮನ್ನು ಯಾವ ಡಬ್ಬಿಯಲ್ಲಿಟ್ಟೆನೋ ಇವತ್ತಿಗೂ ಸಿಕ್ಕಿಲ್ಲ. ಯಾವಾಗಿನಿಂದ ಎಂದು ಕೇಳಿದೆ. ಎರಡು ವರ್ಷದಿಂದ ಸರಿಯಿಲ್ಲವಂತೆ. ಡಿಸೆಂಬರಿನಲ್ಲಿ ತೀರ್ಮಾನ ಆಯಿತಂತೆ. ಆಗಲೇ ನಿಮ್ಮ ಮಗಳು ನಿಮಗೆ ಹೇಳಿದ್ದಳಂತೆ.

ಡಿಸೆಂಬರ್. ನಾನು ಕ್ಯಾಬಿನ್ನು, ಕಿಟಕಿ, ಹಾಸಿಗೆ ಎಂದು ಕುಣಿಯುತ್ತಿದ್ದದ್ದು ಜನವರಿಯಲ್ಲಿ. ನೀವು ಎಲ್ಲ ತಿಳಿದುಕೊಂಡು ನನಗೆ ಷರತ್ತು ಓದಿ ಹೇಳುತ್ತಿದ್ದಿರಿ. ಬೀಗಿತ್ತಿ ಎಂದರೆ ಬಾಯಿಗೆ ಬೀಗ ಹಾಕಿಕೊಂಡವಳು ಎಂದು ನನಗೆ ಈಗ ಗೊತ್ತಾಯಿತು.

ಮಕ್ಕಳ ಮನೆ ಒಡೆಯುವುದನ್ನು ನೋಡಿಕೊಂಡು ಸುಮ್ಮನಿರಲು ನಿಮಗೆ ಹೇಗೆ ಮನಸ್ಸು ಬಂತು?


ಈಜುಕೊಳ
ಏಪ್ರಿಲ್ 5

ಬೀಗಿತ್ತಿಯವರಿಗೆ,

ನಿಮಗೆ ಸಿಟ್ಟು ಬಂದದ್ದು ಸಹಜ. ಆದದ್ದನ್ನು ಹೇಳುತ್ತೇನೆ.

ಡಿಸೆಂಬರಿನಲ್ಲಿ ಮಗಳು ಫೋನ್ ಮಾಡಿ ಹೇಳಿದಳು. "ಅವರ ಅಮ್ಮನಿಗೆ ಅವರೇ ಹೇಳ್ತಾರೆ, ನೀನು ಹೇಳಬಾರದು" ಎಂದು ಮಾತು ತೆಗೆದುಕೊಂಡಳು. ಒಂದೆರಡು ವಾರದಲ್ಲಿ ನಿಮ್ಮ ಮಗ ಹೇಳುತ್ತಾರೆ ಎಂದುಕೊಂಡೆ. ಅವರು ಹೇಳಲಿಲ್ಲ. ನಿಮ್ಮ ಪತ್ರ ಬಂತು. ಹೇಳುವಂತಿಲ್ಲ, ಸುಳ್ಳೂ ಆಡುವಂತಿಲ್ಲ. ನಿಮ್ಮ ಹಣವಾದರೂ ಉಳಿಯಲಿ ಎಂದು ವಾಪಸು ಬರುವ ಬುಕಿಂಗ್ ಮಾಡೋಣ ಎಂದೆ. ನಿಮ್ಮ ಜೊತೆ ಇರಲು ಮನಸ್ಸಿಲ್ಲ ಎಂದು ನೀವು ತಿಳಿದುಕೊಂಡಿರಿ. ಅದು ನಿಜವಲ್ಲ.

ಮನೆ ಒಡೆಯುವಂಥ ದೊಡ್ಡ ಜಗಳ ಆಗಿಲ್ಲ. ನಾನೂ ಕೆದಕಿ ಕೇಳಿದೆ. ಯಾರೂ ಯಾರಿಗೂ ಮೋಸ ಮಾಡಿಲ್ಲ. ನನ್ನ ಮಗಳು ಆಸ್ಪತ್ರೆಯ ಪಾಳಿ ಮುಗಿಸಿ ಬರುವಾಗ ನಿಮ್ಮ ಮಗ ಕೆಲಸಕ್ಕೆ ಹೊರಡುತ್ತಿದ್ದರು. ಮಾತು ಮೊದಲು ಕಡಿಮೆಯಾಯಿತು, ಆಮೇಲೆ ಫ್ರಿಜ್ಜಿನ ಬಾಗಿಲ ಮೇಲಿನ ಚೀಟಿಗೆ ಇಳಿಯಿತು. ಅವರು ಹಜಾರದ ಸೋಫಾದಲ್ಲಿ ಮಲಗಲು ಶುರುಮಾಡಿದಾಗ ಮಗು "ಅಪ್ಪನಿಗೆ ಬೆನ್ನುನೋವು" ಎಂದು ನನಗೆ ಹೇಳಿದ್ದಳು. ನಾನು ನಂಬಿ ಮುಲಾಮು ಕಳಿಸಿದ್ದೆ.

ನನ್ನ ಮಗಳದೂ ತಪ್ಪಿದೆ. ಅವಳಿಗೂ ಹೇಳಿದ್ದೇನೆ.

ನಿಮ್ಮ ಬೀಗಿತ್ತಿ


ಈಜುಕೊಳ
ಜೂನ್ 2

ನಮಸ್ಕಾರ.

ಎರಡು ತಿಂಗಳಿಂದ ನಿಮ್ಮ ಉತ್ತರವಿಲ್ಲ. ನೋವಿನಲ್ಲಿದ್ದೀರಿ ಎಂದು ನಾನೂ ಕೆಣಕಲಿಲ್ಲ. ಈಗ ಕಾರಣ ಗೊತ್ತಾಗುತ್ತಿದೆ.

ಹಡಗಿನ ಕಂಪನಿಯಿಂದ ನನ್ನ ಮಗಳಿಗೆ ಮೇಲ್ ಬಂದಿದೆ. ವಾಸದ ಪುರಾವೆ ಕಳಿಸಿ ಎಂದು. ಅದರಲ್ಲಿ ಮಗುವಿನ ಹೆಸರಿನ ಮುಂದೆ ವಾಸ ಇರುವ ದೇಶ ನಿಮ್ಮದು, ಮನೆಯ ವಿಳಾಸ ನಿಮ್ಮದು. ನಿಮ್ಮ ಮಗ ಅಲ್ಲಿ ಬಂದು ಸೇರಿದ್ದಾರೆ. ಮಗು ತಮ್ಮ ಹತ್ತಿರ ಇರಲಿ ಎಂದು ವಕೀಲರ ಮೂಲಕ ಕೇಳಿದ್ದಾರೆ. ಈಗ ಈ ಕಾಗದ. ಮಗಳ ವಕೀಲರು ಅದನ್ನು ನೋಡಿ, "ಮಗುವನ್ನ ಆ ದೇಶಕ್ಕೆ ಕರ್ಕೊಂಡು ಹೋಗೋ ಯೋಚನೆ ಮೊದಲಿಂದಲೇ ಇತ್ತಾ?" ಎಂದು ಕೇಳಿದರಂತೆ. ಅವಳು ಅವತ್ತಿನಿಂದ ಮಗುವನ್ನು ಶಾಲೆಗೆ ತಾನೇ ಬಿಟ್ಟು, ತಾನೇ ಕರೆದುಕೊಂಡು ಬರುತ್ತಿದ್ದಾಳೆ. ಮಗುವನ್ನು ಬೇರೆ ಯಾರ ಜೊತೆಗೂ ಕಳಿಸಬೇಡಿ ಎಂದು ಶಾಲೆಗೂ ಬರೆದುಕೊಟ್ಟಿದ್ದಾಳೆ.

ಮಾತು ಮುಚ್ಚಿಟ್ಟೆ ಎಂದು ನನ್ನನ್ನು ಬೈದಿರಿ. ಹಡಗಿಗೆ ಹತ್ತಿಸಿಕೊಂಡು ಅಲ್ಲಿಂದ ಹಾಗೇ ನಿಮ್ಮ ಮನೆಗೆ ಕರೆದುಕೊಂಡು ಹೋಗುವುದು ಯಾರ ಯೋಚನೆ? ನಿಮ್ಮದೋ, ನಿಮ್ಮ ಮಗನದೋ? ನನಗೆ ಉತ್ತರ ಬೇಕು.


ಕನ್ನಡಕದ ಅಂಗಡಿ
ಜೂನ್ 9

ಬೀಗಿತ್ತಿಯವರಿಗೆ,

ನೀವು ಹಾಗೆ ಕರೆಯದಿದ್ದರೂ ನಾನು ಕರೆಯುತ್ತೇನೆ.

ಆ ವಿಳಾಸ ಬರೆಸಿದವಳು ನಾನು. ಜನವರಿಯಲ್ಲಿ, ಅಗ್ಗದ ಟಿಕೆಟ್ಟಿನ ಆಸೆಗೆ. ಆಗ ನನ್ನ ಪಾಲಿಗೆ ಅವರು ಮೂವರೂ ಒಂದೇ ಸಂಸಾರ. ಆಮೇಲೆ ರದ್ದು ಮಾಡಲಿಲ್ಲ ಏಕೆಂದರೆ ಅಕ್ಟೋಬರ್ ಹೊತ್ತಿಗೆ ಸರಿಹೋಗಬಹುದು, ಒಂದು ವಾರ ಹಡಗಿನಲ್ಲಿ ಕೂಡಿಹಾಕಿದರೆ ಮಾತಾಡಬಹುದು ಎಂಬ ಹುಚ್ಚು ಆಸೆ ನನಗಿತ್ತು. ನಿಮಗೆ ಉತ್ತರ ಬರೆಯಲಿಲ್ಲ, ನಿಜ. ನಾಲ್ಕು ಸಲ ಶುರುಮಾಡಿದೆ. ನಿಮ್ಮ ಪತ್ರದಲ್ಲಿ ಸಿಟ್ಟು ಮಾಡಿಕೊಳ್ಳಲು ಏನೂ ಇರಲಿಲ್ಲ, ಅದೇ ಕಷ್ಟವಾಯಿತು.

ಕಂಪನಿಯ ಮೇಲ್ ನನಗೂ ಬಂತು. ಸರಿಮಾಡಿಸಲು ಹೊರಟೆ. ಮಗ ಅಂಗಡಿಯ ಹಿಂದೆ ಗಾಜು ಉಜ್ಜುವ ಯಂತ್ರದ ಹತ್ತಿರ ಕೂತಿದ್ದ.

"ಅದು ಹಾಗೇ ಇರ್ಲಿ ಬಿಡಮ್ಮ," ಎಂದ.

"ಯಾಕೋ?"

"ಅವಳು ಇಲ್ಲಿ ಇರ್ತಾಳೆ ಅನ್ನೋಕೆ ಯಾವ ಕಾಗದ ಇದ್ರೂ ಮುಂದೆ ಉಪಯೋಗಕ್ಕೆ ಬರುತ್ತೆ."

"ಅವಳು ಇಲ್ಲಿ ಇಲ್ವಲ್ಲ."

"ಇರಬಹುದಲ್ಲ. ನೀನೇ ತಾನೇ ಬರೆಸಿದ್ದು?"

"ನಾನು ಬರೆಸಿದ್ದು ಕ್ಯಾಬಿನ್ನಿಗೆ. ಮಗುವಿಗೆ ಅಲ್ಲ," ಎಂದೆ. "ನಿನಗೆ ಎಷ್ಟು ಸಲ್ಲಬೇಕೋ ಅದನ್ನ ನೇರವಾಗಿ ಕೇಳಿ ತಗೋ. ನನ್ನ ಸುಳ್ಳು ಹಿಡ್ಕೊಂಡು ಹೋಗಬೇಡ."

ಅವನು ಎದ್ದು ಹೋದ. ಆಮೇಲೆ ನಾಲ್ಕು ದಿನ ನಾನು ಬಡಿಸಿದ್ದನ್ನು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ತಿನ್ನುತ್ತಿದ್ದ. ನೋಡಲು ಆಗುತ್ತಿರಲಿಲ್ಲ. ಮಗಳಿಲ್ಲದ ಮನೆಯಲ್ಲಿ ಅವನು ಹೇಗಿದ್ದಾನೆ ಎಂದು ನಿಮಗೆ ಗೊತ್ತಿರಲಿ. ಪಿಟೀಲಿನ ಹಳೆಯ ಚಪ್ಪಲಿ ಜೋಡಿಯೊಂದನ್ನು ಸೂಟ್‌ಕೇಸಿನಲ್ಲಿ ತಂದಿದ್ದಾನೆ, ಯಾಕೆಂದು ನಾನು ಕೇಳಿಲ್ಲ.

ಬುಕಿಂಗ್ ಆಫೀಸಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಆ ಹೆಂಗಸು ಬೈಯಲಿಲ್ಲ. ಹೀಗೆ ಮಾಡುವವರು ಬೇಕಾದಷ್ಟು ಜನ ಇದ್ದಾರಂತೆ, ಹೆಚ್ಚಿನವರು ಬಂದರಿನಲ್ಲಿ ಸಿಕ್ಕಿಬೀಳುತ್ತಾರಂತೆ. ಮಕ್ಕಳ ಕ್ಯಾಬಿನ್ ಬಿಟ್ಟುಕೊಟ್ಟೆ. ಮುಂಗಡ ಹೋಯಿತು. ನೀವು ಮೊದಲೇ ಹೇಳಿದ್ದಿರಿ.

ಇದರ ಜೊತೆ ನಾನು ಸಹಿ ಹಾಕಿದ ಒಂದು ಕಾಗದ ಇದೆ. ಮಗು ತನ್ನ ತಾಯಿಯ ಹತ್ತಿರ ವಾಸ ಇದ್ದಾಳೆ, ನನ್ನ ವಿಳಾಸ ಬರೆಸಿದ್ದು ನಾನು, ದರ ಕಡಿಮೆಯಾಗಲಿ ಎಂದು, ಅವಳ ತಂದೆಗೆ ಅದು ತಿಳಿದಿರಲಿಲ್ಲ ಎಂದು ಬರೆದಿದ್ದೇನೆ. ನಿಮ್ಮ ಮಗಳಿಗೆ ಕಳಿಸಿ. ವಕೀಲರಿಗೆ ತೋರಿಸಬೇಕೆಂದರೆ ತೋರಿಸಲಿ.

ನಿಮ್ಮ ಬೀಗಿತ್ತಿ


ಈಜುಕೊಳ
ಜೂನ್ 17

ಬೀಗಿತ್ತಿಯವರಿಗೆ ನಮಸ್ಕಾರ.

ಜನವರಿಯ ನಿಮ್ಮ ಪತ್ರವನ್ನು ಮತ್ತೆ ತೆಗೆದು ಓದಿದೆ. ವಿಳಾಸದ ವಿಷಯ ಅವತ್ತೇ ಬರೆದಿದ್ದಿರಿ. ಹೇಗಾದರೂ ರದ್ದು ಮಾಡಿಸಬೇಕು ಎಂಬ ಚಿಂತೆಯಲ್ಲಿ ಆ ಸಾಲಿನ ಮೇಲೆ ಸುಮ್ಮನೆ ಕಣ್ಣಾಡಿಸಿದ್ದೆ. ನಿಮ್ಮನ್ನು ಹಾಗೆ ಕೇಳಬಾರದಿತ್ತು. ಕ್ಷಮಿಸಿ.

ಕಾಗದವನ್ನು ಮಗಳಿಗೆ ಕಳಿಸಿದೆ. ಅವಳು ವಕೀಲರಿಗೆ ಕೊಡಲಿಲ್ಲ. ನಿಮ್ಮ ಮಗನಿಗೆ ಫೋನ್ ಮಾಡಿದಳು. "ನಿಮ್ಮಮ್ಮ ಹೀಗೆ ಬರೆದುಕೊಟ್ಟಿದಾರೆ, ನಿಮಗೆ ಗೊತ್ತಾ?" ಎಂದಳಂತೆ. ಅವರು "ಗೊತ್ತು" ಎಂದರಂತೆ. ಆಮೇಲೆ ಬಹಳ ಹೊತ್ತು ಮಾತಾಡಿದ್ದಾರೆ. ಚೀಟಿಯಲ್ಲಿ ಅಲ್ಲ, ಬಾಯಿಬಿಟ್ಟು. ಮತ್ತೆ ಒಂದಾಗುತ್ತಾರೆ ಎಂದು ನೀವು ಆಸೆ ಇಟ್ಟುಕೊಳ್ಳಬೇಡಿ. ಆದರೆ ಶಾಲೆ ಇರುವಾಗ ಮಗು ತಾಯಿಯ ಹತ್ತಿರ, ದೊಡ್ಡ ರಜೆಗಳಲ್ಲಿ ತಂದೆಯ ಹತ್ತಿರ ಎಂದು ಅವರವರೇ ಒಪ್ಪಿಕೊಂಡಿದ್ದಾರೆ. ವಕೀಲರು ಅದನ್ನು ಬರೆದರೆ ಸಾಕು.

ಇನ್ನೊಂದು ವಿಷಯ. ಹಡಗಿನ ಸುದ್ದಿಯನ್ನು ಮಗು ತರಗತಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ. ಅಜ್ಜಿಯರ ಜೊತೆ ಹೋಗಲಿ ಎಂದು ಇಬ್ಬರೂ ಹೇಳಿದ್ದಾರೆ. ನಿಮ್ಮ ಕ್ಯಾಬಿನ್ನಿನಲ್ಲಿ ಮೂರನೆಯ ಹಾಸಿಗೆ ಹಾಕುತ್ತಾರೆಯೇ, ವಿಚಾರಿಸಿ. ನನ್ನ ಪಾಲು ಇಲ್ಲಿಂದ ಇವತ್ತು ಬುಕ್ ಮಾಡಿದೆ.

ನಿಮ್ಮ ಬೀಗಿತ್ತಿ


ಕನ್ನಡಕದ ಅಂಗಡಿ
ಸೆಪ್ಟೆಂಬರ್ 12

ಬೀಗಿತ್ತಿಯವರಿಗೆ,

ಎಲ್ಲ ಆಯಿತು. ಮೂರನೆಯ ಹಾಸಿಗೆ ಚಾವಣಿಯಿಂದ ಇಳಿಯುತ್ತದಂತೆ. ಪಿಟೀಲಿಗೆ ಹೇಳಿದ್ದೇನೆ, ಅಂದಿನಿಂದ ಬೇರೆ ಮಾತಿಲ್ಲ.

ಟಿಕೆಟ್ ನೋಡಿದರೆ ನೀವು ನಗುತ್ತೀರಿ. ಒಂದೇ ಕ್ಯಾಬಿನ್, ಒಂದೇ ಬಾಗಿಲು, ಮೂರು ದರ. ನಾನು ಎಲ್ಲರಿಗಿಂತ ಅಗ್ಗ, ಆದರೆ ಹಡಗಿನಲ್ಲಿ ದಿನವೂ ಸೇವಾ ಶುಲ್ಕ ತೆರಬೇಕು. ನೀವು ಮಧ್ಯಮ. ನಮ್ಮ ಪಿಟೀಲು ಎಲ್ಲರಿಗಿಂತ ದುಬಾರಿ, ಇನ್ಶೂರೆನ್ಸ್ ಸಮೇತ. ಅಷ್ಟು ಕೊಟ್ಟವಳಿಗೆ ಚಾವಣಿಯ ಹಾಸಿಗೆ. ಬುಕಿಂಗ್ ಆಫೀಸಿನ ಹೆಂಗಸು "ವಾಸ ಎಲ್ಲಿ" ಎಂದಾಗ ಅವಳ ತಾಯಿಯ ಮನೆಯ ವಿಳಾಸವನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಮಗ ಪಕ್ಕದಲ್ಲೇ ಇದ್ದ. ಪಿನ್ ಕೋಡ್ ನನಗೆ ತಪ್ಪಿತು, ಅವನೇ ತಿದ್ದಿದ.

ಬಂದರಿಗೆ ಅವನೂ ಬರುತ್ತಾನೆ, ಕಳಿಸಲು.

ನಿಮ್ಮ ಬೀಗಿತ್ತಿ


ಕನ್ನಡಕದ ಅಂಗಡಿ
ನವೆಂಬರ್ 6

ಬೀಗಿತ್ತಿಯವರಿಗೆ,

ನೀವು ಈ ತಿಂಗಳು ಮಗಳ ಮನೆಯಲ್ಲಿರುವುದರಿಂದ ಪೊಟ್ಟಣವನ್ನು ಅಲ್ಲಿಗೇ ಕಳಿಸಿದ್ದೇನೆ. ಏನೆಂದು ಹೇಳುವ ಮೊದಲು, ಹಡಗಿನಲ್ಲಿ ನಿಮಗೆ ಹೇಳದ ಒಂದು ಸಂಗತಿ ಇದೆ.

ಹೊರಡುವ ದಿನ ಬಂದರಿನಲ್ಲಿ ನೀವು ಸಾಮಾನಿನ ಸಾಲಿನಲ್ಲಿ ನಿಂತಿದ್ದಿರಿ. ನನ್ನ ಮಗ ಪಿಟೀಲನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಹಡಗು ತೋರಿಸುತ್ತಿದ್ದ. ಎಂಟು ವರ್ಷದ ಹುಡುಗಿಯನ್ನು ಯಾರಾದರೂ ಎತ್ತಿಕೊಳ್ಳುತ್ತಾರೆಯೇ, ಅವನು ಎತ್ತಿಕೊಂಡಿದ್ದ. ನಿಮ್ಮ ಮಗಳು ನನ್ನ ಕಡೆ ಬಂದಳು. ನಾನು ಬ್ಯಾಗಿನ ಜಿಪ್ ಎಳೆಯುತ್ತಾ ನಿಂತೆ.

"ಅತ್ತೆ," ಎಂದಳು. "ಅವಳು ಶಾಲೇಲಿ ಬೋರ್ಡ್ ಸರಿಯಾಗಿ ಕಾಣಲ್ಲ ಅಂತಾಳೆ. ನಮ್ಮ ಕಡೆ ಯಾರಿಗೂ ತೋರಿಸಿಲ್ಲ. ನೀವು ಒಂದು ಸಲ ನೋಡ್ತೀರಾ?"

"ನೋಡ್ತೀನಮ್ಮ," ಎಂದೆ. ಅಷ್ಟರಲ್ಲಿ ನಮ್ಮನ್ನು ಕರೆದರು. ಅವಳು ಇನ್ನೂ ಅತ್ತೆ ಎಂದದ್ದನ್ನು ನಿಮಗೆ ಹಡಗಿನಲ್ಲಿ ಹೇಳಲು ಹೊರಟಾಗಲೆಲ್ಲ ಊಟದ ವಿಷಯ ತೆಗೆದುಬಿಡುತ್ತಿದ್ದೆ. ನೀವು ಕೊಳದಲ್ಲಿ ನನಗೆ ತೇಲುವುದನ್ನು ಕಲಿಸುತ್ತಿದ್ದಾಗ ಒಮ್ಮೆ ಬಾಯಿ ತೆರೆದೆ, ನೀರು ಕುಡಿದೆ, ಬಿಟ್ಟೆ.

ರಜೆಯ ಉಳಿದ ದಿನ ಅವಳು ಅಪ್ಪನ ಜೊತೆ ಇಲ್ಲಿದ್ದಾಗ ಅಂಗಡಿಯಲ್ಲಿ ಕೂರಿಸಿ ಕಣ್ಣು ಪರೀಕ್ಷೆ ಮಾಡಿದೆ. ದೂರದ್ದು ಕಾಣುವುದಿಲ್ಲ, ಹೆದರಬೇಕಾದ್ದೇನಿಲ್ಲ, ಆದರೆ ಕನ್ನಡಕ ಬೇಕು. ಫ್ರೇಮನ್ನು ಅವಳೇ ಆರಿಸಿದಳು, ಹಸಿರು. ಒಂದೇ ಥರದ್ದು ಎರಡು ಮಾಡಿದ್ದೇನೆ. ಎರಡನೆಯದರ ಗಾಜನ್ನು ನನ್ನ ಮಗ ಉಜ್ಜಿದ. ಅದು ಇಲ್ಲಿ ಅವನ ಮೇಜಿನ ಖಾನೆಯಲ್ಲಿದೆ, ಅವಳು ಬಂದಾಗ ಹಾಕಿಕೊಳ್ಳಲು. ಇನ್ನೊಂದು ನಿಮ್ಮ ಪೊಟ್ಟಣದಲ್ಲಿದೆ. ಹೋಗುವಾಗ ಬರುವಾಗ ಮರೆತುಬಂದೆ ಎಂದು ಅಳಬೇಕಾಗಿಲ್ಲ.

ಹಾಕಿಸಿದ ಮೇಲೆ ಅವಳಿಗೆ ಬಗ್ಗಿ, ತಲೆ ಅಲ್ಲಾಡಿಸಲು ಹೇಳಿ ನೋಡಿ. ಮೂಗಿನ ಹತ್ತಿರ ಸಡಿಲ ಎನಿಸಿದರೆ ನೀವು ಒತ್ತಲು ಹೋಗಬೇಡಿ, ಮುರಿಯುತ್ತದೆ. ಅವಳ ಅಮ್ಮನಿಗೆ ನನಗೊಂದು ಫೋನ್ ಮಾಡಲು ಹೇಳಿ.

ನಿಮ್ಮ ಬೀಗಿತ್ತಿ